ಕೊಂಡ ಡಬ್ಬಿ, ಕಟ್ಟಿದ ಡಬ್ಬಿ

ತುಮಕೂರಿನ ಉಪ್ಪಾರಹಳ್ಳಿಯಲ್ಲಿರುವ ನಮ್ಮ ಬಳಗದ ಬಾಡಿಗೆ ಕೋಣೆಯ ಮೇಜಿನ ಖಾನೆಯಲ್ಲಿ ಅಂಗೈ ಅಗಲದ ಕಪ್ಪು ಡಬ್ಬಿಯೊಂದಿದೆ. ದೇವರಾಯನದುರ್ಗದ ಸುತ್ತಲಿನ ಹಳ್ಳಿಗಳ ಹಿರಿಯರು ಬೆಟ್ಟದ ಮರ, ಸೊಪ್ಪು, ಚಿಲುಮೆ, ಕರಡಿಯ ಜಾಡುಗಳನ್ನು ಕುರಿತು ಹೇಳಿದ ಎರಡು ವರ್ಷಗಳ ಮಾತು ಅದರೊಳಗಿದೆ. ಹೇಳಿದವರಲ್ಲಿ ಮೂವರು ಈಗ ನಮ್ಮೊಂದಿಗಿಲ್ಲ. ಡಬ್ಬಿಯನ್ನು ಕಂಪ್ಯೂಟರಿಗೆ ಸಿಕ್ಕಿಸುವ ಕಿಂಡಿ ಮುರಿದಿರುವುದರಿಂದ ಆ ಮಾತನ್ನು ಕೇಳುವ ಉಪಾಯವೂ ನಮಗಿಲ್ಲ. ಎಸೆಯಲು ಮನಸ್ಸು ಬಾರದೆ ಇಟ್ಟುಕೊಂಡಿದ್ದೇವೆ.

ಪರಿಸರದ ಪತ್ರಿಕೆಯಲ್ಲಿ ಹಾರ್ಡ್ ಡಿಸ್ಕಿನ ಮಾತೇಕೆ ಎಂದು ಓದುಗ ಮಿತ್ರರು ಹುಬ್ಬೇರಿಸಬಹುದು. ಕಳೆದ ಎರಡು ಸಭೆಗಳಲ್ಲಿ ನಮ್ಮಲ್ಲಿ ಅತ್ಯಂತ ಬಿಸಿಯೇರಿದ ಚರ್ಚೆ ನಡೆದದ್ದು ಗಣಿಯ ಮೇಲೂ ಅಲ್ಲ, ಕಾಡ್ಗಿಚ್ಚಿನ ಮೇಲೂ ಅಲ್ಲ, ಇದರ ಮೇಲೆಯೇ. ದಾಖಲೆಗಳನ್ನು ಇಡಲು ಅಂಗಡಿಯಿಂದ ಸಿದ್ಧ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಳ್ಳಬೇಕೇ, ಅಥವಾ ಕೆಟ್ಟ ಲ್ಯಾಪ್‌ಟಾಪಿನಿಂದ ಡಿಸ್ಕನ್ನು ಬಿಚ್ಚಿ, ಕೇಸಿಂಗ್ ತಂದು, ನಾವೇ ಜೋಡಿಸಿಕೊಳ್ಳಬೇಕೇ? ನಾನು ಮೊದಲನೆಯ ಪಕ್ಷದಲ್ಲಿದ್ದವನು. ಈಗ ಎರಡನೆಯ ಪಕ್ಷಕ್ಕೆ ಬಂದಿದ್ದೇನೆ. ಅದಕ್ಕೆ ಕಾರಣಗಳನ್ನು ಹೇಳುವುದಕ್ಕಾಗಿಯೇ ಈ ಬರಹ.

ನಮ್ಮ ಬಳಿ ಇರುವುದಾದರೂ ಏನು? ಹದಿನಾಲ್ಕು ಹಳ್ಳಿಗಳ ತೆರೆದ ಬಾವಿಗಳ ನೀರಿನ ಮಟ್ಟ. ಮೈದಾಳ ಕೆರೆಯ ಚಳಿಗಾಲದ ಹಕ್ಕಿಗಳ ಎಣಿಕೆ. ಬಂಡೆಗಳ ನಡುವಿನ ಕುರುಚಲಿನಲ್ಲಿ ಮಾತ್ರ ಕಾಣಸಿಗುವ ಹಳದಿ ಕೊರಳಿನ ಪಿಕಳಾರದ ಚಿತ್ರಗಳು. ಮಾಹಿತಿ ಹಕ್ಕಿನಡಿ ಪಡೆದ ಕಾಗದಗಳ ಪ್ರತಿಗಳು. ಬೇಲಿ ಒತ್ತುವರಿಯ ಫೋಟೋಗಳು, ಅವುಗಳ ದಿನಾಂಕ ಸಮೇತ. ಹೊರಗಿನವರಿಗೆ ಇದು ಹಳೆಯ ಸಾಮಾನು. ಆದರೆ ಜಯಮಂಗಲಿ ಮತ್ತು ಶಿಂಷಾ ಎರಡೂ ಹುಟ್ಟುವ ಬೆಟ್ಟದಲ್ಲಿ ಹತ್ತು ವರ್ಷದ ಹಿಂದೆ ಯಾವ ಬಾವಿಯಲ್ಲಿ ಎಷ್ಟು ಮೊಳ ನೀರಿತ್ತು ಎಂಬುದನ್ನು ನಾಳೆ ಯಾರಾದರೂ ಕೇಳಿದರೆ ಉತ್ತರ ಹೇಳುವುದು ಈ ಕಡತಗಳು ಮಾತ್ರ.

ದಾಖಲೆಗೆ ಎಷ್ಟು ಬೆಲೆ ಎಂಬುದನ್ನು ನಮ್ಮ ಜಿಲ್ಲೆಯೇ ಎರಡು ಬಾರಿ ಕಂಡಿದೆ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಅದಾದ ಮೇಲೆ ಯಾವ ಗುತ್ತಿಗೆ ಗಡಿ ದಾಟಿದೆ, ಯಾವುದು ದಾಟಿಲ್ಲ ಎಂದು ತೀರ್ಮಾನವಾದದ್ದು ಜಂಟಿ ಸರ್ವೆಯಿಂದ, ನಕಾಶೆಗಳಿಂದ. ಘೋಷಣೆ ಕೂಗಿದವರ ಗಂಟಲಿಗಿಂತ ಅಳತೆಯ ಕಾಗದ ಅಲ್ಲಿ ಹೆಚ್ಚು ಮಾತನಾಡಿತು. ಎರಡನೆಯದು 2019ರದ್ದು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು ಚಿಂಕಾರ ವನ್ಯಜೀವಿಧಾಮವೆಂದು ಘೋಷಣೆಯಾಯಿತು. ಆ ಕಾಡಿನಲ್ಲಿ ಚಿಂಕಾರ ಇದೆ ಎಂಬುದಕ್ಕೆ ಸಂಜಯ್ ಗುಬ್ಬಿ ಮತ್ತು ಅವರ ಸಂಗಡಿಗರ ಕ್ಯಾಮೆರಾ ಟ್ರ್ಯಾಪಿಗೆ ಸಿಕ್ಕಿದ ಚಿತ್ರಗಳು ಆಧಾರವಾದವು. ಚಿತ್ರವೇ ಇಲ್ಲದಿದ್ದರೆ, ಇದ್ದೂ ಕಳೆದುಹೋಗಿದ್ದರೆ, ಅದು ಇಂದಿಗೂ ಯಾರ ಗಮನಕ್ಕೂ ಬಾರದ ಕುರುಚಲು ಕಾಡಾಗಿಯೇ ಉಳಿಯುತ್ತಿತ್ತೋ ಏನೋ.

ಇನ್ನು ನಮ್ಮ ಕಪ್ಪು ಡಬ್ಬಿಯ ಕಥೆ. ಅದನ್ನು ಹೊಸದಾಗಿಯೇ ಕೊಂಡಿದ್ದೆವು. ನುಣುಪಾದ ಮೈ, ಎಲ್ಲಿಯೂ ತಿರುಪುಮೊಳೆಯ ಗುರುತಿಲ್ಲ. ಮೂರನೆಯ ವರ್ಷ, ಯಾರದೋ ಕಾಲಿಗೆ ತೊಡರಿ ವೈರು ಸೆಳೆದು ಕಿಂಡಿ ಸಡಿಲವಾಯಿತು. ಒಂದು ತಿಂಗಳು ವೈರನ್ನು ಓರೆಯಾಗಿ ಹಿಡಿದುಕೊಂಡು ಕೆಲಸ ಸಾಗಿಸಿದೆವು. ಆಗಲೇ ಬೇರೆಡೆಗೆ ನಕಲು ಮಾಡಿಕೊಳ್ಳಬೇಕಿತ್ತು. ಮಾಡಲಿಲ್ಲ. ಅದು ನಮ್ಮದೇ ಉಪೇಕ್ಷೆ. ಒಂದು ದಿನ ಕಿಂಡಿ ಪೂರ್ತಿಯಾಗಿ ಕಿತ್ತುಬಂತು.

ಗಾಬರಿಯಾಗಬೇಕಾದುದಿಲ್ಲ ಎಂದುಕೊಂಡೆವು. ಹೊರಗಿನ ಕವಚವನ್ನು ಒಡೆದು ಒಳಗಿನ ಡಿಸ್ಕನ್ನು ತೆಗೆದು ಬೇರೊಂದು ಕೇಸಿಂಗಿಗೆ ಹಾಕಿದರಾಯಿತು ಎಂದು ನಮ್ಮ ಇಂಜಿನಿಯರಿಂಗ್ ವಿದ್ಯಾರ್ಥಿ ಧೈರ್ಯ ಹೇಳಿದ. ಕವಚ ಒಡೆದು ನೋಡಿದರೆ, ಲ್ಯಾಪ್‌ಟಾಪಿನ ಡಿಸ್ಕಿಗೆ ಇರುವಂತಹ ಸಾಟಾ ಕನೆಕ್ಟರ್ ಅದಕ್ಕೆ ಇರಲೇ ಇಲ್ಲ! ಯುಎಸ್‌ಬಿ ಕಿಂಡಿಯನ್ನು ನೇರವಾಗಿ ಡಿಸ್ಕಿನ ಬೋರ್ಡಿಗೇ ಬೆಸೆದಿದ್ದರು. ಕಿಂಡಿ ಕಿತ್ತಾಗ ಬೋರ್ಡಿನ ತಾಮ್ರದ ಎಳೆಗಳನ್ನೂ ಕಿತ್ತುಕೊಂಡು ಹೋಗಿತ್ತು. ಪೇಟೆಯಲ್ಲಿ ಬೆಸುಗೆ ಬಲ್ಲ ಇಬ್ಬರು ಪ್ರಯತ್ನಿಸಿ ಕೈಚೆಲ್ಲಿದರು. ಬೆಂಗಳೂರಿನಲ್ಲಿ ಮಾಹಿತಿ ತೆಗೆದುಕೊಡುವವರು ಹೇಳಿದ ಮೊತ್ತ ನಮ್ಮ ಬಳಗದ ವರ್ಷದ ಬಾಡಿಗೆಗೆ ಸಮನಾಗಿತ್ತು. ಅಕ್ಷರ ಅಳಿದಿಲ್ಲ, ತಟ್ಟೆಗಳ ಮೇಲೆ ಇದ್ದಲ್ಲಿಯೇ ಇದೆ. ಒಳಹೋಗುವ ಬಾಗಿಲು ಮಾತ್ರ ಇಲ್ಲ.

ಎಲ್ಲ ಸಿದ್ಧ ಡಿಸ್ಕುಗಳೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ಕೆಲವು ಕಂಪನಿಗಳ, ಕೆಲವು ಮಾದರಿಗಳ ಒಳಗೆ ಸಾಮಾನ್ಯ ಸಾಟಾ ಡಿಸ್ಕೇ ಇರುತ್ತದೆ. ಸಣ್ಣದೊಂದು ಬೋರ್ಡು ಅದನ್ನು ಯುಎಸ್‌ಬಿಗೆ ಹೊಂದಿಸುತ್ತದೆ. ಆದರೆ ಯಾವುದು ಯಾವ ಬಗೆಯದು ಎಂಬುದು ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ. ಇನ್ನು ಕೆಲವು ಮಾದರಿಗಳಲ್ಲಿ ಬೋರ್ಡಿನ ಚಿಪ್ಪೇ ಮಾಹಿತಿಯನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಬರೆಯುತ್ತದೆ. ನಾವು ಪಾಸ್‌ವರ್ಡ್ ಹಾಕಿರಲಿ, ಬಿಡಲಿ, ಅದು ತನ್ನ ಪಾಡಿಗೆ ಹಾಗೆಯೇ ಬರೆಯುತ್ತಿರುತ್ತದೆ. ಅಂತಹ ಬೋರ್ಡು ಸುಟ್ಟರೆ ಡಿಸ್ಕನ್ನು ಹೊರತೆಗೆದು ಬೇರೆಡೆ ಜೋಡಿಸಿದರೂ ಕಾಣುವುದು ಅರ್ಥವಿಲ್ಲದ ಗೀಚು.

ಅದೇ ಕೋಣೆಯಲ್ಲಿ ಇನ್ನೊಂದು ಡಬ್ಬಿಯೂ ಇತ್ತು. ಹಳೆಯ ಲ್ಯಾಪ್‌ಟಾಪಿನ ಡಿಸ್ಕನ್ನು ಅಗ್ಗದ ಪ್ಲಾಸ್ಟಿಕ್ ಕೇಸಿಂಗಿನಲ್ಲಿ ಕೂರಿಸಿದ್ದು. ಅದರ ಕಿಂಡಿಯೂ ಮಾರನೆಯ ವರ್ಷ ಕೆಟ್ಟಿತು. ಕೆಲವು ನೂರು ರೂಪಾಯಿಗೆ ಹೊಸ ಕೇಸಿಂಗ್ ತಂದು, ನಾಲ್ಕು ಮೊಳೆ ಬಿಚ್ಚಿ, ನಾಲ್ಕು ಮೊಳೆ ಬಿಗಿದು, ಚಹಾ ಆರುವುದರೊಳಗೆ ಬಾವಿಗಳ ಲೆಕ್ಕ ಪರದೆಯ ಮೇಲೆ ಬಂದಿತು. ನನ್ನ ಪಕ್ಷಾಂತರ ಆದದ್ದು ಆ ದಿನ.

ವಿದ್ಯಾರ್ಥಿಗಳಿಗೆ ತಿಳಿದಿರಬಹುದಾದರೂ ಬೆಟ್ಟದ ಮಿತ್ರರಿಗಾಗಿ ಡಿಸ್ಕಿನ ಒಳಗನ್ನು ಸ್ವಲ್ಪ ವಿವರಿಸುವುದು ಒಳಿತು. ಅಲ್ಯುಮಿನಿಯಂ ಅಥವಾ ಗಾಜಿನ ತಟ್ಟೆಯ ಮೇಲೆ ಕಾಂತಗುಣದ ತೆಳುಲೇಪ. ಲ್ಯಾಪ್‌ಟಾಪಿನ ಡಿಸ್ಕಿನಲ್ಲಿ ಈ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಹಳೆಯ ಗ್ರಾಮಫೋನಿನ ಮುಳ್ಳಿನಂತಹ ಒಂದು ಹೆಡ್ ಅದರ ಮೇಲೆ ತೇಲುತ್ತ ಓದುತ್ತದೆ, ಬರೆಯುತ್ತದೆ. ಗ್ರಾಮಫೋನಿನ ಮುಳ್ಳು ತಟ್ಟೆಗೆ ತಾಗುತ್ತದೆ, ಇದು ತಾಗಬಾರದು. ಎರಡರ ನಡುವಿನ ಅಂತರ ಕೆಲವೇ ನ್ಯಾನೊಮೀಟರ್, ತಲೆಗೂದಲಿನ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು ಪಾಲು. ಬೇಸಿಗೆಯ ನಮ್ಮ ಕೆಂಧೂಳಿನ ಒಂದು ಕಣ ಒಳಹೋದರೂ ಹೆಡ್ಡಿಗೆ ಅದು ಬಂಡೆಗಲ್ಲು. ಆದ್ದರಿಂದ ಕೇಸಿಂಗನ್ನು ಬಿಚ್ಚಬಹುದೇ ಹೊರತು ಡಿಸ್ಕಿನ ಲೋಹದ ಮುಚ್ಚಳವನ್ನು ಎಂದೂ ಬಿಚ್ಚಬಾರದು. ಕುತೂಹಲಕ್ಕೆ ಒಂದು ಸತ್ತ ಡಿಸ್ಕನ್ನು ಬೇಕಾದರೆ ಬಿಚ್ಚಿ ನೋಡಿ. ಕನ್ನಡಿಯಂತಹ ಆ ತಟ್ಟೆ ಮತ್ತು ಬೆರಳು ಕಚ್ಚುವಷ್ಟು ಬಲದ ನಿಯೋಡಿಮಿಯಂ ಅಯಸ್ಕಾಂತ ಶಾಲೆಯ ಮಕ್ಕಳಿಗೆ ಒಳ್ಳೆಯ ಪಾಠ.

1956ರಲ್ಲಿ ಐಬಿಎಂ ಕಂಪನಿ ಮಾಡಿದ ಮೊದಲ ಡಿಸ್ಕಿನಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಅದರಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ, ಇಂದಿನ ಮೊಬೈಲಿನ ಒಂದೆರಡು ಫೋಟೋಗಳಷ್ಟು. ಇಂದು ಅಂಗಿಯ ಜೇಬಿನಲ್ಲಿ ಹಿಡಿಸುವ ಡಬ್ಬಿಯಲ್ಲಿ ಅದರ ಲಕ್ಷಾಂತರ ಪಟ್ಟು ಹಿಡಿಸುತ್ತದೆ. ಅಷ್ಟು ಹಿಡಿಸುತ್ತದೆ ಎಂಬುದೇ ಅಪಾಯ. ಒಂದು ಬಿದ್ದರೆ ಎಲ್ಲವೂ ಬಿತ್ತು.

ಸಿದ್ಧ ಡಬ್ಬಿಯ ಪರವಾದ ವಾದಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಅಂಗಡಿಯವರು ಕೈಗಿತ್ತ ಕೂಡಲೇ ಕೆಲಸ ಮಾಡುತ್ತದೆ. ಎರಡು ಮೂರು ವರ್ಷಗಳ ಗ್ಯಾರಂಟಿ ಇರುತ್ತದೆ. ಹೊಸ ಡಿಸ್ಕನ್ನು ಬಿಡಿಯಾಗಿ ಕೊಂಡು, ಕೇಸಿಂಗನ್ನು ಬೇರೆ ಕೊಂಡರೆ ಒಟ್ಟು ಖರ್ಚು ಸಿದ್ಧ ಡಬ್ಬಿಗಿಂತ ಕಡಿಮೆಯೇನೂ ಆಗುವುದಿಲ್ಲ; ಎಷ್ಟೋ ಸಲ ಹೆಚ್ಚೇ ಆಗುತ್ತದೆ. ಹಣ ಉಳಿಯುವುದು ಹಳೆಯ ಡಿಸ್ಕು ಕೈಯಲ್ಲಿ ಇದ್ದಾಗ ಮಾತ್ರ. ಗ್ಯಾರಂಟಿಯ ಬಗ್ಗೆ ನಮ್ಮ ಹಿರಿಯರೊಬ್ಬರು ಸಭೆಯಲ್ಲಿ ಕೇಳಿದ ಪ್ರಶ್ನೆಯನ್ನು ಇಲ್ಲಿ ದಾಖಲಿಸಬೇಕು. "ಗ್ಯಾರಂಟಿ ಅಂದ್ರೆ ಏನಪ್ಪ, ನಮ್ಮ ಮಾತು ವಾಪಸ್ ಕೊಡ್ತಾರಾ?" ಎಂದರು. "ಇಲ್ಲ ತಾತ, ಹೊಸ ಡಬ್ಬಿ ಕೊಡ್ತಾರೆ" ಎಂದ ಹುಡುಗ. "ಖಾಲಿ ಡಬ್ಬಿನಾ?" ಎಂದು ನಕ್ಕರು ಅವರು. ಗ್ಯಾರಂಟಿಯ ಕರಾರನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ವಕೀಲರೂ ಹೇಳಲಾರರು.

ಕಟ್ಟಿಕೊಳ್ಳುವುದರಲ್ಲಿಯೂ ಮೋಸಹೋಗುವ ದಾರಿಗಳಿವೆ. ಗುಜರಿ ಅಂಗಡಿಯಲ್ಲಿ ಸಿಕ್ಕಿತೆಂದು ಯಾವುದೋ ಡಿಸ್ಕನ್ನು ತಂದು ಅದರಲ್ಲಿಯೇ ಎಲ್ಲವನ್ನೂ ತುಂಬುವುದು ಅವಿವೇಕ. ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದುಕೊಳ್ಳುತ್ತದೆ. ಅದನ್ನು 'ಸ್ಮಾರ್ಟ್' ವರದಿ ಎನ್ನುತ್ತಾರೆ. ಉಚಿತ ತಂತ್ರಾಂಶಗಳಿಂದ ಅದನ್ನು ಓದಬಹುದು. ಎಷ್ಟು ಗಂಟೆ ದುಡಿದಿದೆ, ಎಷ್ಟು ಭಾಗ ಹಾಳಾಗಿ ಅದಕ್ಕೆ ಬದಲಿ ಜಾಗ ಕೊಟ್ಟುಕೊಂಡಿದೆ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಹಾಳಾದ ಭಾಗಗಳ ಸಂಖ್ಯೆ ಸೊನ್ನೆಯಾಗಿದ್ದರೆ ಇಟ್ಟುಕೊಳ್ಳಿ. ಸೊನ್ನೆಯಲ್ಲದೆ ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕಿಗೆ ಕೈಮುಗಿಯಿರಿ. ನಾವು ಹೀಗೆ ಏರುತ್ತಿದ್ದ ಒಂದನ್ನು "ನೋಡೋಣ" ಎಂದು ಉಳಿಸಿಕೊಂಡೆವು. ನಾಲ್ಕು ತಿಂಗಳಿಗೆ ಟಕಟಕ ಸದ್ದು ಮಾಡಿ ನಿಂತಿತು. ಅದರಲ್ಲಿದ್ದುದು ಮೂರನೆಯ ಪ್ರತಿಯಾದ್ದರಿಂದ ಏನೂ ನಷ್ಟವಾಗಲಿಲ್ಲ.

ಜೋಡಿಸುವ ಕೆಲಸ ಕಷ್ಟದ್ದಲ್ಲ, ಆದರೆ ಅಳತೆ ನೋಡಿಕೊಳ್ಳಬೇಕು. ಲ್ಯಾಪ್‌ಟಾಪಿನದು ಎರಡೂವರೆ ಅಂಗುಲದ ಡಿಸ್ಕು. ಅದು ಐದು ವೋಲ್ಟಿನಲ್ಲಿ ನಡೆಯುತ್ತದೆ, ಕಂಪ್ಯೂಟರಿನ ಕಿಂಡಿಯಿಂದಲೇ ಅದಕ್ಕೆ ವಿದ್ಯುತ್ತು ಸಾಕು. ಮೇಜಿನ ಕಂಪ್ಯೂಟರಿನ ಮೂರೂವರೆ ಅಂಗುಲದ ಡಿಸ್ಕಿಗೆ ಹನ್ನೆರಡು ವೋಲ್ಟು ಕೂಡ ಬೇಕು, ಅದಕ್ಕೆ ಪ್ರತ್ಯೇಕ ಅಡಾಪ್ಟರ್ ಇರುವ ಕೇಸಿಂಗ್ ಬೇಕು. ಕರೆಂಟು ಹೋಗಿಬರುವ ಹಳ್ಳಿಯಲ್ಲಿ ನಾನು ಎರಡನೆಯದನ್ನು ಹೇಳಲಾರೆ. ಬಹಳ ಹಳೆಯ ಲ್ಯಾಪ್‌ಟಾಪುಗಳಲ್ಲಿ ಸೂಜಿಗಳ ಸಾಲಿನಂತಹ ಐಡಿಇ ಕನೆಕ್ಟರ್ ಇರುತ್ತದೆ. ಸಾಟಾ ಕೇಸಿಂಗಿಗೆ ಅದು ಹೊಂದುವುದಿಲ್ಲ. ಹಳೆಯ ಯುಎಸ್‌ಬಿ 2.0 ಕಿಂಡಿಗೆ ಸಿಕ್ಕಿಸಿದಾಗ ಡಿಸ್ಕು ತಿರುಗಲಾರದೆ ಕ್ಲಿಕ್ ಕ್ಲಿಕ್ ಎಂದರೆ ಡಿಸ್ಕು ಸತ್ತಿತೆಂದು ತಿಳಿಯಬೇಡಿ. ಆ ಕಿಂಡಿ ಕೊಡುವುದು 500 ಮಿಲಿಆಂಪಿಯರ್ ಮಾತ್ರ, ತಿರುಗಲು ಆರಂಭಿಸುವ ಕ್ಷಣದಲ್ಲಿ ಡಿಸ್ಕಿಗೆ ಅದಕ್ಕಿಂತ ಹೆಚ್ಚು ಬೇಕಾಗಬಹುದು. ಎರಡು ತಲೆಯ ವೈರು ಇಂತಹ ಹೊತ್ತಿಗೆ ಸಹಾಯಕ್ಕೆ ಬರುತ್ತದೆ. ಕೇಸಿಂಗನ್ನು ಕೊಳ್ಳುವಾಗ ಯುಎಸ್‌ಬಿ 3.0 ಬಗೆಯದನ್ನೇ ಕೇಳಿ. ಹಳೆಯದರಲ್ಲಿ 500 ಜಿಬಿ ತುಂಬಿಸಲು ನಾಲ್ಕು ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತದೆ. ಕೆಲಸ ನಿಧಾನವಾದಷ್ಟೂ ನಕಲು ಮಾಡುವ ಅಭ್ಯಾಸ ತಪ್ಪುತ್ತದೆ. ಡಿಸ್ಕನ್ನು ಫಾರ್ಮ್ಯಾಟ್ ಮಾಡುವಾಗ ಫ್ಯಾಟ್32 ಬೇಡ, ನಾಲ್ಕು ಜಿಬಿಗಿಂತ ದೊಡ್ಡ ವಿಡಿಯೋ ಕಡತ ಅದರಲ್ಲಿ ಹಿಡಿಸದು.

ಎಸ್‌ಎಸ್‌ಡಿ ಎಂಬ ಹೊಸ ಬಗೆಯದರಲ್ಲಿ ತಿರುಗುವ ತಟ್ಟೆಯಿಲ್ಲ, ಬಿದ್ದರೂ ಬಹುಮಟ್ಟಿಗೆ ತಾಳಿಕೊಳ್ಳುತ್ತದೆ, ವೇಗವೂ ಹೆಚ್ಚು. ದಿನವೂ ಹೊತ್ತು ತಿರುಗುವವರಿಗೆ ಅದೇ ಸರಿ. ಆದರೆ ಅದರಲ್ಲಿ ಮಾಹಿತಿ ನಿಲ್ಲುವುದು ವಿದ್ಯುದಂಶದ ರೂಪದಲ್ಲಿ. ವರ್ಷಗಟ್ಟಲೆ ಕರೆಂಟಿಗೆ ಸಿಕ್ಕಿಸದೆ ಬೀರುವಿನಲ್ಲಿ ಇಟ್ಟರೆ ಅದು ಸೋರಿಹೋಗುವ ಸಾಧ್ಯತೆಯಿದೆ. ಪೆನ್‌ಡ್ರೈವಿಗೂ ಇದೇ ಮಾತು.

ಪರಿಸರದ ಲೆಕ್ಕಕ್ಕೆ ಬರೋಣ. ಜಗತ್ತಿನಲ್ಲಿ 2022ರಲ್ಲಿ ಹುಟ್ಟಿದ ಇ-ತ್ಯಾಜ್ಯ 6 ಕೋಟಿ 20 ಲಕ್ಷ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದೆಂದು ದಾಖಲಾದದ್ದು ಶೇಕಡ 22.3 ಮಾತ್ರ ಎಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ವರದಿ ಹೇಳುತ್ತದೆ. ಉಳಿದುದರಲ್ಲಿ ಬಹುಪಾಲು ಹೋಗುವ ದಾರಿ ನಮಗೆ ಗೊತ್ತೇ ಇದೆ: ಗುಜರಿ, ಬೆಂಕಿ, ಆಸಿಡ್ಡಿನ ತೊಟ್ಟಿ, ಚರಂಡಿ. ನಮ್ಮ ದೇಶದಲ್ಲಿ ಇ-ತ್ಯಾಜ್ಯಕ್ಕೆಂದೇ ನಿಯಮಗಳು ಜಾರಿಗೆ ಬಂದದ್ದು 2012ರ ಮೇ ತಿಂಗಳಲ್ಲಿ. ಈಗಿರುವವು 2023ರ ಏಪ್ರಿಲ್ 1ರಿಂದ ಜಾರಿಯಾದವು. ವಸ್ತುವನ್ನು ತಯಾರಿಸಿದವರೇ ಅದರ ಕೊನೆಗಾಲಕ್ಕೂ ಹೊಣೆ ಎಂಬುದು ಅವುಗಳ ತಿರುಳು. ಈ ನಿಯಮಗಳು ಬರುವುದಕ್ಕೆ ಬಹಳ ಮೊದಲೇ, 2005ರಲ್ಲಿ, ನಮ್ಮ ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ 'ಇ-ಪರಿಸರ' ಎಂಬ ಮರುಬಳಕೆ ಘಟಕ ಕೆಲಸ ಆರಂಭಿಸಿತ್ತು. ದೇಶದಲ್ಲಿ ಸರ್ಕಾರದ ಮಾನ್ಯತೆ ಪಡೆದ ಮೊದಲ ಇ-ತ್ಯಾಜ್ಯ ಘಟಕ ಅದು. ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವ ನಾವೆಲ್ಲ ಆ ಊರನ್ನು ದಾಟಿಯೇ ಹೋಗುತ್ತೇವೆ.

ಒಂದು ಹಳೆಯ ಡಿಸ್ಕಿಗೆ ಮರುಜೀವ ಕೊಟ್ಟ ಮಾತ್ರಕ್ಕೆ ಭೂಮಿ ಉಳಿಯಿತೆಂದು ನಾನು ಡಂಗುರ ಹೊಡೆಯಲಾರೆ. ಹೊಸ ಕೇಸಿಂಗೂ ಪ್ಲಾಸ್ಟಿಕ್ಕೇ, ಅದರ ವೈರೂ ತಾಮ್ರವೇ. ಆದರೆ ಡಿಸ್ಕು ಒಂದು ಸಾಮಾನ್ಯ ವಸ್ತುವಲ್ಲ. ಅದರ ಅಯಸ್ಕಾಂತಕ್ಕೆ ಬೇಕಾದ ವಿರಳ ಲೋಹವನ್ನು ಎಲ್ಲಿಯೋ ಒಂದು ಬೆಟ್ಟವನ್ನು ಬಗೆದೇ ತಂದಿರುತ್ತಾರೆ. ಬೆಟ್ಟದ ಪರವಾಗಿ ಮಾತನಾಡುವವರು ಇನ್ನೊಂದು ಬೆಟ್ಟದಿಂದ ಬಂದದ್ದನ್ನು ಅರ್ಧ ಆಯುಸ್ಸಿಗೇ ಗುಜರಿಗೆ ಹಾಕುವುದು ನನಗೆ ಒಗ್ಗುವುದಿಲ್ಲ. ನಮ್ಮ ಕೆಟ್ಟ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವು ಸತ್ತದ್ದು ಪರದೆ ಒಡೆದು, ಬ್ಯಾಟರಿ ಉಬ್ಬಿ, ಮದರ್‌ಬೋರ್ಡ್ ಸುಟ್ಟು. ಡಿಸ್ಕು ಗಟ್ಟಿಯಾಗಿಯೇ ಇತ್ತು. ತಯಾರಿಕೆ ಎಷ್ಟು ಕೆಲವೇ ಕೈಗಳಲ್ಲಿದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. 2011ರ ಕೊನೆಯಲ್ಲಿ ಥಾಯ್ಲೆಂಡಿನಲ್ಲಿ ನೆರೆ ಬಂದು ಅಲ್ಲಿನ ಕಾರ್ಖಾನೆಗಳು ಮುಳುಗಿದಾಗ ಜಗತ್ತಿನಾದ್ಯಂತ ಹಾರ್ಡ್ ಡಿಸ್ಕಿನ ಬೆಲೆ ಗಗನಕ್ಕೇರಿತು. ಅಲ್ಲಿಯ ಮಳೆಗೆ ಇಲ್ಲಿಯ ಅಂಗಡಿಯಲ್ಲಿ ಬೆಲೆಯ ಚೀಟಿ ಬದಲಾಯಿತು.

ಉಪ್ಪಾರಹಳ್ಳಿ ಎಂಬ ಹೆಸರನ್ನು ದಿನವೂ ಹೇಳುತ್ತೇವೆ, ಅದರ ಅರ್ಥವನ್ನು ಯೋಚಿಸುವುದಿಲ್ಲ. ಉಪ್ಪಾರರು ಚೌಳುಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದ ಜನ. ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಆ ನೀರನ್ನು ಬತ್ತಿಸಿ ಉಪ್ಪು ಮಾಡುವ ವಿದ್ಯೆ ಅವರದು. ಕಡಲಿನ ಉಪ್ಪು ಸುಲಭವಾಗಿ ಬಂದ ಮೇಲೆ ಆ ಕಸುಬು ಹೋಯಿತು, ಆ ವಿದ್ಯೆಯೂ ಹೋಯಿತು. ಕಡಲುಪ್ಪು ಬಂದದ್ದು ತಪ್ಪೆಂದು ನಾನು ಹೇಳುವುದಿಲ್ಲ. ನನ್ನ ಮನೆಯಲ್ಲಿಯೂ ಅದೇ. ಆದರೆ ಸಿದ್ಧವಸ್ತು ಬಂದಾಗ ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂಬುದನ್ನು ಒಂದು ಕ್ಷಣ ನೋಡಿಯಾದರೂ ಬಿಟ್ಟುಕೊಡಬೇಕು. ಪಂಪ್‌ಸೆಟ್ಟನ್ನು ಬಿಚ್ಚಿ ಸುರುಳಿ ಸುತ್ತಿಸಿ ಮತ್ತೆ ಬಾವಿಗಿಳಿಸುವ ರೈತರಿಗೆ, ಬಿಚ್ಚಲು ಒಂದು ಮೊಳೆಯೂ ಇಲ್ಲದ ಡಬ್ಬಿಯನ್ನು ಕೊಟ್ಟು "ಕೆಟ್ಟರೆ ಎಸೆಯಿರಿ" ಎನ್ನುವುದು ಒಂದು ಬಗೆಯ ಅವಮಾನವೇ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ರಚಿಸಿತು. ಕೃಷಿ ಯಂತ್ರಗಳು, ಮೊಬೈಲು, ಗೃಹೋಪಯೋಗಿ ವಸ್ತುಗಳು, ವಾಹನಗಳು ಅದರ ಆರಂಭದ ಪಟ್ಟಿಯಲ್ಲಿದ್ದವು. ಜನರ ನೆನಪನ್ನು ಹೊತ್ತಿರುವ ಡಿಸ್ಕಿನಂತಹ ವಸ್ತುವಿಗೂ ಆ ಹಕ್ಕು ಬೇಕೆಂದು ಕೇಳುವುದು ನಮ್ಮಂತಹ ಬಳಗಗಳ ಕೆಲಸ. ಪೆಟ್ಟಿಗೆಯ ಮೇಲೆ "ಒಳಗಿನ ಡಿಸ್ಕನ್ನು ಹೊರತೆಗೆದು ಬಳಸಬಹುದು" ಅಥವಾ "ಬಳಸಲಾಗದು" ಎಂಬ ಒಂದು ಸಾಲನ್ನು ಅಚ್ಚು ಹಾಕಿದರೆ ಕಂಪನಿಗಳಿಗೆ ಆಗುವ ನಷ್ಟವೇನು?

ಹೀಗಿದ್ದರೂ ಕಟ್ಟಿದ ಡಬ್ಬಿ ಒಂದೇ ಇದ್ದರೆ ಕೊಂಡ ಡಬ್ಬಿ ಒಂದೇ ಇರುವುದಕ್ಕಿಂತ ಅದೇನೂ ಹೆಚ್ಚು ಸುರಕ್ಷಿತವಲ್ಲ. ನಮ್ಮ ಚರ್ಚೆಯಲ್ಲಿ ಎರಡೂ ಪಕ್ಷದವರು ಮರೆತದ್ದು ಇದನ್ನೇ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯ ಮೇಲೆ ಬರೆಯಿಸಿ ಹಂಚಿದಳೆಂಬುದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ದಾನದ ಕಥೆಯೆಂದು ಓದಿದ್ದೇವೆ. ಅದು ಕಾಪಾಡುವ ಕಥೆಯೂ ಹೌದು. ಗೆದ್ದಲು, ಬೆಂಕಿ, ಮಳೆ, ದಂಡು ಯಾವುದೇ ಬರಲಿ, ಸಾವಿರ ಊರುಗಳಿಗೂ ಒಮ್ಮೆಗೇ ಬಾರದು. ಗಟ್ಟಿಯಾದ ಒಂದು ಓಲೆಗರಿಯನ್ನು ಹುಡುಕಲು ಆಕೆ ಹೊರಡಲಿಲ್ಲ.

ಆದ್ದರಿಂದ ಹಳೆಯ ಡಿಸ್ಕಿನ ನಿಜವಾದ ಉಪಯೋಗ ಇರುವುದು ಪ್ರತಿಗಳ ಸಂಖ್ಯೆ ಹೆಚ್ಚಿಸುವುದರಲ್ಲಿ. ಒಂದು ಸಿದ್ಧ ಡಬ್ಬಿಯ ಹಣಕ್ಕೆ ಹಳೆಯ ಡಿಸ್ಕುಗಳಿಗೆ ಹತ್ತಾರು ಕೇಸಿಂಗ್ ಬರುತ್ತವೆ. ನನ್ನ ಸಲಹೆ ಹೀಗಿದೆ: ಮೂಲಪ್ರತಿಗೆ ಹೊಸದಾದ ಬಿಡಿ ಸಾಟಾ ಡಿಸ್ಕನ್ನು ಕೊಂಡು ಕೇಸಿಂಗಿನಲ್ಲಿ ಹಾಕೋಣ, ಹಣ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ. ಅದು ಉಪ್ಪಾರಹಳ್ಳಿಯಲ್ಲಿರಲಿ. ಪರೀಕ್ಷಿಸಿದ ಹಳೆಯ ಡಿಸ್ಕುಗಳಲ್ಲಿ ಎರಡು ಪ್ರತಿ ಮಾಡಿ ಒಂದನ್ನು ಬೆಟ್ಟದ ತಪ್ಪಲಿನ ಹಳ್ಳಿಯಲ್ಲಿ, ಇನ್ನೊಂದನ್ನು ಗುಬ್ಬಿಯ ಕಡೆಯ ಮಿತ್ರರ ಮನೆಯಲ್ಲಿ ಇಡೋಣ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಮೂರನ್ನೂ ಒಂದೆಡೆ ತಂದು ಹೊಂದಿಸಿ ನೋಡೋಣ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಯಾವುದನ್ನೂ ಸಿಕ್ಕಿಸಿ ಇಡಬಾರದು. ಮಳೆಗಾಲದಲ್ಲಿ ಮುಚ್ಚಳ ಭದ್ರವಾಗಿರುವ ಡಬ್ಬದಲ್ಲಿ, ಔಷಧಿ ಸೀಸೆಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ ಇಡಬೇಕು. ಎಲ್ಲವನ್ನೂ ಗಣಕದ ಮೇಲೆಯೇ ಹೊರಿಸಬೇಡಿ. ಬಾವಿಗಳ ವಾರ್ಷಿಕ ಲೆಕ್ಕವನ್ನು ಕಾಗದದ ಮೇಲೆ ಮುದ್ರಿಸಿಯೂ ಇಡೋಣ. ಗೆದ್ದಲಿಗೆ ಕಾಗದ ಇಷ್ಟ, ಡಿಸ್ಕು ಇಷ್ಟವಿಲ್ಲ. ಸಿಡಿಲಿಗೆ ಅದರ ತಿರುಗುಮುರುಗು.

ಒಂದು ಎಚ್ಚರಿಕೆಯನ್ನು ವಿಶೇಷವಾಗಿ ಹೇಳಬೇಕಾಗಿದೆ. ಕಾಡುಪಾಪ, ಚಿಪ್ಪುಹಂದಿಗಳು ಕಂಡ ಜಾಗದ ವಿವರ ಇರುವ ಕಡತಗಳನ್ನು ಎಲ್ಲ ಪ್ರತಿಗಳಲ್ಲಿಯೂ ತೆರೆದಿಡಬಾರದು. ನಾಗವಲ್ಲಿಯ ಕಡೆ ಹುಣಸೆಮರಗಳಲ್ಲಿ ಇಷ್ಟು ವರ್ಷ ಬಾಳಿಬಂದ ಕಾಡುಪಾಪವನ್ನು ಮಾಟಮಂತ್ರದ ಹೆಸರಿನಲ್ಲಿ ಹಿಡಿಯುವವರು ಇದ್ದಾರೆ. ಅಂತಹ ಕಡತಗಳಿಗೆ ತಂತ್ರಾಂಶದಿಂದ ಬೀಗ ಹಾಕಿ, ಪಾಸ್‌ವರ್ಡನ್ನು ಇಬ್ಬರು ಬರೆದಿಟ್ಟುಕೊಳ್ಳಬೇಕು. ಒಬ್ಬರೇ ನೆನಪಿಟ್ಟುಕೊಂಡರೆ ಅವರ ಮರೆವು ಕಳ್ಳನಿಗಿಂತ ಕೇಡು. ಹಾಗೆಯೇ ಯಾರದೋ ಹಳೆಯ ಡಿಸ್ಕು ನಮ್ಮ ಕೈಗೆ ಬಂದಾಗ ಅದರಲ್ಲಿ ಅವರ ಮನೆಯ ಚಿತ್ರಗಳಿರುತ್ತವೆ. ಡಿಲೀಟ್ ಮಾಡಿದರೆ ಅಳಿಯುವುದು ಸೂಚಿಯೇ ಹೊರತು ಚಿತ್ರವಲ್ಲ. ಕೊಟ್ಟವರನ್ನು ಕೇಳಿ, ಅವರಿಗೆ ಬೇಕಾದುದನ್ನು ತೆಗೆದುಕೊಟ್ಟು, ಆಮೇಲೆ ಇಡೀ ಡಿಸ್ಕಿನ ಮೇಲೆ ಒಮ್ಮೆ ಸೊನ್ನೆಗಳನ್ನು ಬರೆಸಬೇಕು. ಇದಕ್ಕೆ ಕೆಲವು ಗಂಟೆ ಹಿಡಿಯುತ್ತದೆ. ಡಿಸ್ಕಿನ ಪರೀಕ್ಷೆಯೂ ಅದರಲ್ಲಿಯೇ ಆಗುತ್ತದೆ.

ಮುಂದಿನ ತಿಂಗಳ ಎರಡನೆಯ ಭಾನುವಾರದ ಸಭೆಗೆ ಬರುವವರು ಮನೆಯ ಅಟ್ಟದ ಮೇಲಿರುವ ಸತ್ತ ಲ್ಯಾಪ್‌ಟಾಪುಗಳನ್ನು ತರಬೇಕೆಂದು ಕೋರುತ್ತೇನೆ. ಉಬ್ಬಿದ ಬ್ಯಾಟರಿ ಇದ್ದರೆ ಅದನ್ನು ಚುಚ್ಚಬೇಡಿ, ಒತ್ತಬೇಡಿ, ಇದ್ದಂತೆಯೇ ತನ್ನಿ. ಬೇರ್ಪಡಿಸಿ ಮರುಬಳಕೆಯವರಿಗೆ ಒಪ್ಪಿಸುತ್ತೇವೆ. ಸಣ್ಣ ತಿರುಪುಳಿಗಳು ನಮ್ಮಲ್ಲಿ ಎರಡೇ ಇವೆ, ಇದ್ದವರು ತಂದರೆ ಉಪಕಾರ. ಕಪ್ಪು ಡಬ್ಬಿಯಲ್ಲಿ ಸಿಕ್ಕಿಕೊಂಡಿರುವ ಮಾತುಗಳ ಹಿರಿಯರಲ್ಲಿ ನಾಲ್ವರು ಇನ್ನೂ ನಮ್ಮೊಂದಿಗಿದ್ದಾರೆ. ಮತ್ತೊಮ್ಮೆ ಹೇಳಲು ಒಪ್ಪಿದ್ದಾರೆ. ಮೊದಲ ಮಾತುಕತೆ ದುರ್ಗದಹಳ್ಳಿಯ ಕಡೆ ನಡೆಯಲಿದೆ. ಮೊಬೈಲಿನಲ್ಲಿ ಧ್ವನಿ ಹಿಡಿಯಲು ಇಬ್ಬರು ವಿದ್ಯಾರ್ಥಿಗಳು ಬೇಕಾಗಿದ್ದಾರೆ.